ಗೃಹಶಿಕ್ಷಣವೂ ಮಗುವಿನ ಕ್ಷೇಮವೂ

2024ನೆಯ ಇಸವಿಯ ಡಿಸೆಂಬರ್ 17ರಂದು ಲಂಡನ್ ನಗರದಲ್ಲಿ ಒಂದೇ ವಿಷಯಕ್ಕೆ ಸಂಬಂಧಪಟ್ಟ ಎರಡು ಕಾರ್ಯಗಳು ಎರಡು ಕಡೆಗಳಲ್ಲಿ ನಡೆದುವು. ಸರ್ರೆ ಪ್ರಾಂತದ ವೋಕಿಂಗ್ ಪಟ್ಟಣದಲ್ಲಿ ಹಿಂದಿನ ವರ್ಷದ ಆಗಸ್ಟ್ ತಿಂಗಳಲ್ಲಿ ಹತ್ತು ವರ್ಷದ ಬಾಲಿಕೆಯೊಬ್ಬಳನ್ನು ಬಹುಕಾಲ ಹಿಂಸಿಸಿ ಕೊಂದ ಅಪರಾಧಕ್ಕಾಗಿ ಆಕೆಯ ತಂದೆಗೂ ಮಲತಾಯಿಗೂ ಓಲ್ಡ್ ಬೈಲಿ ನ್ಯಾಯಾಲಯವು ಆಜೀವ ಕಾರಾಗೃಹವಾಸವನ್ನು ವಿಧಿಸಿತು; ಪಾರ್ಲಿಮೆಂಟಿನಲ್ಲಿ ಮಕ್ಕಳ ಕ್ಷೇಮವನ್ನೂ ಶಾಲೆಗಳನ್ನೂ ಕುರಿತ ಹೊಸ ಮಸೂದೆಯೊಂದು ಮಂಡಿತವಾಯಿತು. ಆ ಬಾಲಿಕೆಯ ಮುಖದ ಮೇಲಿನ ಗಾಯದ ಗುರುತುಗಳನ್ನು 2023ರ ಮಾರ್ಚ್ ತಿಂಗಳಲ್ಲಿ ಶಾಲೆಯವರು ಕಂಡು ಮಕ್ಕಳ ರಕ್ಷಣೆಯ ಇಲಾಖೆಗೆ ತಿಳಿಸಿದ್ದರು. ಇಲಾಖೆಯವರು ಕೆಲವೇ ದಿವಸಗಳಲ್ಲಿ ವಿಚಾರಣೆಯನ್ನು ಮುಗಿಸಿ ಕಡತವನ್ನು ಮುಚ್ಚಿದರು. ಏಪ್ರಿಲ್ ತಿಂಗಳಲ್ಲಿ ತಂದೆಯು, ಇನ್ನು ಮುಂದೆ ಮಗಳಿಗೆ ಮನೆಯಲ್ಲಿಯೇ ವಿದ್ಯೆ ಕಲಿಸುವುದಾಗಿ ಹೇಳಿ, ಆಕೆಯನ್ನು ಶಾಲೆಯಿಂದ ಬಿಡಿಸಿದನು. ಅದಾದ ಬಳಿಕ ನಾಲ್ಕು ತಿಂಗಳು ಆಕೆ ಬದುಕಿದ್ದಳು.

ಗೃಹಶಿಕ್ಷಣವನ್ನು ಕುರಿತು ಇಂಗ್ಲೆಂಡಿನಲ್ಲಿ ದೀರ್ಘಕಾಲದಿಂದ ನಡೆಯುತ್ತ ಬಂದಿರುವ ವಿವಾದಕ್ಕೆ ಈ ಸಾವು ಹೊಸ ತೀವ್ರತೆಯನ್ನು ತಂದಿತು. ಒಂದು ಪಕ್ಷದವರು ತಾಯಿತಂದೆಗಳ ಸ್ವಾತಂತ್ರ್ಯವನ್ನೂ ಇನ್ನೊಂದು ಪಕ್ಷದವರು ಸರಕಾರದ ಅಧಿಕಾರವನ್ನೂ ಮುಂದಿಟ್ಟುಕೊಂಡು ವಾದಿಸುತ್ತಾರೆ. ಎರಡು ಪಕ್ಷಗಳ ಮಾತುಗಳಲ್ಲಿಯೂ ಸತ್ಯಾಂಶವಿದೆಯೆಂಬುದನ್ನು ನಾನು ಬಲ್ಲೆ. ಆದರೆ ಈ ಇಬ್ಬರ ಹಕ್ಕುಗಳ ನಡುವೆ ಮೂರನೆಯ ವ್ಯಕ್ತಿಯಾದ ಮಗುವಿಗೆ ತನ್ನದೇ ಆದ ಹಕ್ಕೊಂದು ಉಂಟೆಂಬುದನ್ನೂ, ಮನೆಯವರಲ್ಲದ ಹಿರಿಯರೊಬ್ಬರಾದರೂ ತನ್ನನ್ನು ಆಗಾಗ ಕಣ್ಣಾರೆ ಕಂಡು ತನ್ನ ಮಾತನ್ನು ಕೇಳತಕ್ಕದ್ದೆಂಬುದೇ ಆ ಹಕ್ಕೆಂಬುದನ್ನೂ ಈ ಲೇಖನದಲ್ಲಿ ಪ್ರತಿಪಾದಿಸಬಯಸುತ್ತೇನೆ.

ಇಂಗ್ಲೆಂಡಿನ ಶಾಸನವು ಈ ವಿಷಯದಲ್ಲಿ ಬಹು ಉದಾರವಾದದ್ದು. ಮಗುವಿನ ವಯಸ್ಸಿಗೂ ಶಕ್ತಿಗೂ ಸಹಜವಾದ ಒಲವಿಗೂ ಹೊಂದುವ ಶಿಕ್ಷಣವು ಅದಕ್ಕೆ ದೊರೆಯುವಂತೆ ಮಾಡುವುದು ತಾಯಿತಂದೆಗಳ ಕರ್ತವ್ಯವೆಂದೂ, ಆ ಕರ್ತವ್ಯವನ್ನು ಅವರು ಶಾಲೆಗೆ ಕಳುಹಿಸಿಯಾದರೂ ಬೇರೆ ವಿಧದಿಂದಾದರೂ ನೆರವೇರಿಸಬಹುದೆಂದೂ 1944ರ ಶಿಕ್ಷಣ ಕಾಯಿದೆ ಹೇಳಿತು. 1996ರ ಕಾಯಿದೆಯೂ ಆ ತತ್ತ್ವವನ್ನೇ ಉಳಿಸಿಕೊಂಡಿತು. ಸಾಮಾನ್ಯ ಶಾಲೆಯಲ್ಲಿ ಓದುತ್ತಿರುವ ಮಗುವನ್ನು ಬಿಡಿಸಬೇಕಾದರೆ ಮುಖ್ಯೋಪಾಧ್ಯಾಯರಿಗೆ ಒಂದು ಕಾಗದ ಬರೆದರೆ ಸಾಕಾಗುತ್ತಿತ್ತು. ಅವರು ಹಾಜರಿ ಪುಸ್ತಕದಿಂದ ಹೆಸರನ್ನು ತೆಗೆದು ಸ್ಥಳೀಯ ಸಂಸ್ಥೆಗೆ ತಿಳಿಸುತ್ತಿದ್ದರು. ಎಂದೂ ಶಾಲೆಯ ಮೆಟ್ಟಿಲನ್ನು ಹತ್ತದ ಮಗುವಿನ ವಿಷಯದಲ್ಲಿಯಂತೂ ಈ ಕಾಗದದ ಅವಶ್ಯಕತೆಯೂ ಇರಲಿಲ್ಲ. ಶಿಕ್ಷಣವು ಸರಿಯಾಗಿ ನಡೆಯುತ್ತಿದೆಯೆ ಎಂದು ಸ್ಥಳೀಯ ಸಂಸ್ಥೆಯ ಅಧಿಕಾರಿಗಳು ವಿಚಾರಿಸಬಹುದಾಗಿತ್ತು. ಸಮಾಧಾನವಾಗದಿದ್ದರೆ ಶಾಲೆಗೆ ಸೇರಿಸಬೇಕೆಂಬ ಆಜ್ಞೆಯನ್ನೂ ಹೊರಡಿಸಬಹುದಾಗಿತ್ತು. ಆದರೆ ಮನೆಯೊಳಗೆ ಬಂದು ಮಗುವನ್ನು ನೋಡಿಯೇ ತೀರುತ್ತೇವೆಂದು ಹೇಳುವ ಅಧಿಕಾರವು ಅವರಿಗಿರಲಿಲ್ಲ. 2023ರ ಶರತ್ಕಾಲದ ಗಣತಿಯಂತೆ ಆ ದೇಶದಲ್ಲಿ ಸುಮಾರು 92,000 ಮಕ್ಕಳು ಮನೆಯಲ್ಲಿ ಕಲಿಯುತ್ತಿದ್ದರು. ಮರುವರ್ಷ ಆ ಸಂಖ್ಯೆ 1,11,700ಕ್ಕೆ ಏರಿತು.

ಇಷ್ಟು ಮಂದಿ ತಾಯಿತಂದೆಗಳನ್ನು ಸಂಶಯದ ಕಣ್ಣಿನಿಂದ ನೋಡುವುದು ಅನ್ಯಾಯವಷ್ಟೇ ಅಲ್ಲ, ಅವಿವೇಕವೂ ಹೌದು. ಇವರಲ್ಲಿ ಕೆಲವರು ಶಿಕ್ಷಣವನ್ನು ಕುರಿತು ತಮ್ಮದೇ ಆದ ದೃಢವಾದ ತತ್ತ್ವವುಳ್ಳವರು. ಆದರೆ ಬಹು ಮಂದಿ, ಶಾಲೆಯು ತಮ್ಮ ಮಗುವನ್ನು ಕೈಬಿಟ್ಟಮೇಲೆ, ಬೇರೆ ದಾರಿ ಕಾಣದೆ ಈ ದಾರಿಯನ್ನು ಹಿಡಿದವರು. ಮಗುವಿನ ಮಾನಸಿಕ ಆರೋಗ್ಯವನ್ನೇ ಕಾರಣವಾಗಿ ಹೇಳುವ ತಾಯಿತಂದೆಗಳ ಸಂಖ್ಯೆ ದೊಡ್ಡದು. ಸಹಪಾಠಿಗಳ ಕಾಟದಿಂದ ಬೆಳಗಾದರೆ ನಡುಗುವ ಹುಡುಗ, ಆಟಿಸಂ ಉಳ್ಳದ್ದರಿಂದ ಗದ್ದಲದ ತರಗತಿಯಲ್ಲಿ ಕುಳಿತಿರಲಾರದ ಹುಡುಗಿ, ವಿಶೇಷ ಸಹಾಯಕ್ಕೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದರೂ ಅದು ಸಿಗದೆ ಉದ್ಯೋಗವನ್ನೇ ಬಿಟ್ಟು ಮಗುವಿನ ಪಕ್ಕದಲ್ಲಿ ಕುಳಿತ ತಾಯಿ: ಇಂಥವರಿಗೆ ನಮ್ಮ ಗೌರವವು ಸಲ್ಲಬೇಕು. ಅಂಥ ತಾಯಿಯ ಬಾಗಿಲಿಗೆ ಅಪರಾಧಿಯ ಮನೆಗೆ ಹೋಗುವಂತೆ ಹೋಗಿ ಪ್ರಶ್ನೆಗಳನ್ನು ಕೇಳುವ ಅಧಿಕಾರಿಯು ಮಗುವಿಗೆ ಯಾವ ಉಪಕಾರವನ್ನೂ ಮಾಡಿದಂತಾಗುವುದಿಲ್ಲ.

ಮನೆಯಲ್ಲಿ ವಿದ್ಯಾಭ್ಯಾಸವು ನಡೆಯುವುದು ನಮ್ಮವರಿಗೂ ಹೊಸದಲ್ಲ. ಐಗಳನ್ನು ಮನೆಗೆ ಕರೆಸಿಟ್ಟುಕೊಂಡು ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ಪದ್ಧತಿ ಮಲೆನಾಡಿನ ದೊಡ್ಡ ಮನೆಗಳಲ್ಲಿ ಬಹುಕಾಲ ನಡೆದು ಬಂದಿತು. ಕುವೆಂಪು ಅವರು ತೀರ್ಥಹಳ್ಳಿಯ ಶಾಲೆಗೆ ಸೇರುವ ಮೊದಲು ಕುಪ್ಪಳಿಯ ಮನೆಯಲ್ಲಿ, ದಕ್ಷಿಣ ಕನ್ನಡದಿಂದ ಬಂದ ಉಪಾಧ್ಯಾಯರೊಬ್ಬರಿಂದ ಕಲಿತವರು. ರವೀಂದ್ರನಾಥ ಠಾಕೂರರು ಶಾಲೆಯನ್ನು ಸಹಿಸಲಾರದೆ ಬಿಟ್ಟು ಮನೆಯಲ್ಲಿ ಅಧ್ಯಾಪಕರಿಂದ ವಿದ್ಯೆಯನ್ನು ಪಡೆದರು. ಮುಂದೆ 1901ರಲ್ಲಿ ಶಾಂತಿನಿಕೇತನದಲ್ಲಿ ತಮ್ಮದೇ ಶಾಲೆಯನ್ನು ಸ್ಥಾಪಿಸಿದರು. ಆದರೆ ಕುಪ್ಪಳಿಯ ಮನೆಯಾಗಲಿ ಠಾಕೂರರ ಜೋಡಾಸಾಂಕೋದ ಮನೆಯಾಗಲಿ ಜನಸಮೃದ್ಧಿಯುಳ್ಳ ಮನೆಗಳು. ಬಂಧುಗಳೂ ಆಳುಕಾಳುಗಳೂ ಅತಿಥಿಗಳೂ ಸದಾ ತುಂಬಿರುತ್ತಿದ್ದ ಅಂಥ ಮನೆಯಲ್ಲಿ ಒಂದು ಮಗುವನ್ನು ಲೋಕದ ಕಣ್ಣಿಗೆ ಬೀಳದಂತೆ ಮರೆಮಾಡುವುದು ಸಾಧ್ಯವಿರಲಿಲ್ಲ. ಇಂದಿನ ನಗರದ ಮೂರು ಕೋಣೆಗಳ ಮನೆಯ ಬಾಗಿಲನ್ನು ಮುಚ್ಚಿದರೆ ಒಳಗೆ ಏನು ನಡೆಯುತ್ತಿದೆಯೆಂಬುದು ಎದುರುಮನೆಯವರಿಗೂ ತಿಳಿಯದು. ಈ ಭೇದವನ್ನು ಮರೆತು ಹಿಂದಿನವರ ಉದಾಹರಣೆಗಳನ್ನು ಇಂದಿನ ವಾದಕ್ಕೆ ಎಳೆದು ತರುವುದು ಸರಿಯಲ್ಲ.

ಮನೆಯಲ್ಲಿ ಕಲಿತ ಮಹಾಪುರುಷರ ಹೆಸರುಗಳನ್ನು ಹೇಳುವಾಗ ಜಾನ್ ಸ್ಟೂಅರ್ಟ್ ಮಿಲ್ಲನ ಹೆಸರು ಬಾರದೆ ಇರುವುದಿಲ್ಲ. ಆತನ ತಂದೆ ಜೇಮ್ಸ್ ಮಿಲ್ಲನು, ನಮ್ಮ ದೇಶಕ್ಕೆ ಎಂದೂ ಕಾಲಿಡದೆ ಇದರ ದೊಡ್ಡದೊಂದು ಚರಿತ್ರೆಯನ್ನು ಬರೆದವನು. ಆ ಚರಿತ್ರೆಯನ್ನು ಬರೆಯುತ್ತಿದ್ದ ಮೇಜಿನ ಇನ್ನೊಂದು ಬದಿಯಲ್ಲಿಯೇ ಮಗನನ್ನು ಕೂರಿಸಿಕೊಂಡು ಆತನು ಗ್ರೀಕ್ ಭಾಷೆಯನ್ನು ಕಲಿಸಿದನು. ಮಗನು ಮೂರನೆಯ ವಯಸ್ಸಿನಲ್ಲಿ ಗ್ರೀಕನ್ನೂ ಎಂಟನೆಯ ವಯಸ್ಸಿನಲ್ಲಿ ಲ್ಯಾಟಿನನ್ನೂ ಆರಂಭಿಸಿ, ಹನ್ನೆರಡನೆಯ ವಯಸ್ಸಿಗೆ ತರ್ಕಶಾಸ್ತ್ರಕ್ಕೆ ಬಂದನು. ಬೇರೆ ಹುಡುಗರ ಸಹವಾಸದಿಂದ ಕೆಟ್ಟಾನೆಂಬ ಭೀತಿಯಿಂದ ತಂದೆಯು ಆತನನ್ನು ಅವರಿಂದ ದೂರವಿರಿಸಿದನು. ಅಂಥ ಅದ್ಭುತವಾದ ವಿದ್ಯೆಯನ್ನು ಪಡೆದ ಆ ಯುವಕನು 1826ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಬಾಳಿನಲ್ಲಿ ಯಾವುದರಿಂದಲೂ ಸಂತೋಷವಿಲ್ಲವೆಂಬ ಘೋರವಾದ ವಿಷಾದಕ್ಕೆ ತುತ್ತಾದನು. ಆ ವಿಷಾದವನ್ನು ತಂದೆಯೊಡನೆ ಹೇಳಿಕೊಳ್ಳುವ ಧೈರ್ಯವು ಆತನಿಗಿರಲಿಲ್ಲ. ಆತನ ಮರಣದ ಬಳಿಕ 1873ರಲ್ಲಿ ಪ್ರಕಟವಾದ ಆತ್ಮಚರಿತ್ರೆಯಲ್ಲಿ ಈ ಪ್ರಸಂಗವನ್ನು ಓದುವವರಿಗೆ ಮನಸ್ಸು ಕರಗದೆ ಇರದು. ಜೇಮ್ಸ್ ಮಿಲ್ಲನು ಕ್ರೂರಿಯಾಗಿರಲಿಲ್ಲ. ಮಗನಿಗಾಗಿ ತನ್ನ ದಿನದ ಬಹುಭಾಗವನ್ನು ವ್ಯಯಮಾಡಿದ ಕರ್ತವ್ಯನಿಷ್ಠನಾಗಿದ್ದನು. ಹಾಗಿದ್ದರೂ ಆ ಮನೆಯಲ್ಲಿ ಗುರುವೂ ತಂದೆಯೂ ಪರೀಕ್ಷಕನೂ ಒಬ್ಬನೇ ಆಗಿದ್ದುದರಿಂದ, ಗುರುವಿನಿಂದ ನೊಂದ ಮಗುವಿಗೆ ತಂದೆಯ ಬಳಿಗೆ ಹೋಗುವ ದಾರಿಯೂ ಮುಚ್ಚಿಹೋಗಿತ್ತು.

ಇದೇ ಮಿಲ್ಲನು 1859ರಲ್ಲಿ ಸ್ವಾತಂತ್ರ್ಯವನ್ನು ಕುರಿತ ತನ್ನ ಪ್ರಸಿದ್ಧ ಪ್ರಬಂಧದಲ್ಲಿ ಮಕ್ಕಳ ಶಿಕ್ಷಣದ ಪ್ರಶ್ನೆಯನ್ನು ಎತ್ತಿಕೊಂಡನು. ಸರಕಾರವೇ ಎಲ್ಲರಿಗೂ ಒಂದೇ ಬಗೆಯ ಶಿಕ್ಷಣವನ್ನು ಕೊಡುವುದನ್ನು ಆತನು ಕಟುವಾಗಿ ವಿರೋಧಿಸಿದನು. ಎಲ್ಲರನ್ನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ಯುವ ಸಾಧನವದು ಎಂದು ಭಾವಿಸಿದನು. ಇಷ್ಟನ್ನು ಗೃಹಶಿಕ್ಷಣದ ಪಕ್ಷಪಾತಿಗಳು ಸಂತೋಷದಿಂದ ಎತ್ತಿ ಹೇಳುತ್ತಾರೆ. ಆದರೆ ಅದೇ ಪುಟಗಳಲ್ಲಿ ಆತನು, ತಂದೆಯಾದವನು ತನ್ನ ಮಕ್ಕಳನ್ನು ತನ್ನ ದೇಹದ ಭಾಗವೆಂಬಂತೆ ಕಾಣುವ ಭ್ರಮೆಯನ್ನು ಖಂಡಿಸಿ, ಪ್ರತಿಯೊಂದು ಮಗುವಿಗೂ ಶಿಕ್ಷಣವು ದೊರೆಯುವಂತೆ ಸರಕಾರವು ಬಲಾತ್ಕರಿಸತಕ್ಕದ್ದೆಂದೂ, ಎಳೆಯ ವಯಸ್ಸಿನಿಂದಲೇ ವರ್ಷಕ್ಕೊಮ್ಮೆ ಎಲ್ಲ ಮಕ್ಕಳನ್ನೂ ಸಾರ್ವಜನಿಕವಾಗಿ ಪರೀಕ್ಷಿಸತಕ್ಕದ್ದೆಂದೂ, ಓದಲು ಬಾರದ ಮಗುವಿನ ತಂದೆಗೆ ತಕ್ಕ ಕಾರಣವಿಲ್ಲದಿದ್ದರೆ ಮಿತವಾದ ದಂಡವನ್ನು ವಿಧಿಸಬಹುದೆಂದೂ ಸ್ಪಷ್ಟವಾಗಿ ಹೇಳಿದ್ದಾನೆ. ವಿವಾದಾಸ್ಪದವಾದ ಮತಗಳಲ್ಲಿ ಪರೀಕ್ಷೆಯು ಕೈಹಾಕದೆ ಭಾಷಾಜ್ಞಾನಕ್ಕೂ ನಿಶ್ಚಿತವಾದ ಸಂಗತಿಗಳಿಗೂ ಸೀಮಿತವಾಗಿರಬೇಕೆಂಬ ಎಚ್ಚರಿಕೆಯನ್ನೂ ಆತನು ಕೊಟ್ಟನು. ಮನೆಯೊಳಗಿನ ಶಿಕ್ಷಣದ ವೈಭವವನ್ನೂ ವ್ಯಥೆಯನ್ನೂ ತಾನೇ ಅನುಭವಿಸಿದ, ಸ್ವಾತಂತ್ರ್ಯದ ಪಕ್ಷದಲ್ಲಿ ಅಗ್ರಗಣ್ಯನಾದ ಒಬ್ಬ ಮಹಾಚಿಂತಕನು ಹೊರಗಿನ ಕಣ್ಣು ಬೇಕೆಂದು ಹೇಳಿದ್ದನ್ನು ನಾವು ಲಘುವಾಗಿ ತಳ್ಳಿಹಾಕುವಂತಿಲ್ಲ.

ಗಾಂಧೀಜಿಯವರ ನಿದರ್ಶನವು ನಮಗೆ ಇನ್ನೂ ಸಮೀಪದ್ದು. ದಕ್ಷಿಣ ಆಫ್ರಿಕದಲ್ಲಿ ತಮ್ಮ ಮಕ್ಕಳನ್ನು ಐರೋಪ್ಯರ ಶಾಲೆಗೆ ವಿಶೇಷಾನುಗ್ರಹದಿಂದ ಸೇರಿಸುವ ಅವಕಾಶವಿದ್ದರೂ, ಬೇರೆ ಭಾರತೀಯ ಮಕ್ಕಳಿಗೆ ಇಲ್ಲದ ಸೌಕರ್ಯವು ತಮ್ಮ ಮಕ್ಕಳಿಗೆ ಬೇಡವೆಂದು ಅವರು ನಿರಾಕರಿಸಿ, ತಾವೇ ಕಲಿಸತೊಡಗಿದರು. ಸಾರ್ವಜನಿಕ ಕಾರ್ಯಗಳ ಒತ್ತಡದಿಂದ ತಾವು ಕೊಡಬೇಕೆಂದಷ್ಟು ಅಕ್ಷರವಿದ್ಯೆಯನ್ನು ಕೊಡಲಾಗಲಿಲ್ಲವೆಂಬುದನ್ನೂ, ಮಕ್ಕಳಿಗೆ ಈ ವಿಷಯದಲ್ಲಿ ಅಸಮಾಧಾನವಿತ್ತೆಂಬುದನ್ನೂ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಹಿರಿಯ ಮಗ ಹರಿಲಾಲರಿಗಂತೂ ಈ ಕೊರಗು ಜೀವನಪರ್ಯಂತ ಹೋಗಲಿಲ್ಲ. ಮಹಾತ್ಮರ ತತ್ತ್ವವು ಉದಾತ್ತವಾದದ್ದೆಂಬುದರಲ್ಲಿ ಸಂದೇಹವಿಲ್ಲ; ಆದರೆ ಆ ತತ್ತ್ವಕ್ಕಾಗಿ ಶಾಲೆಯನ್ನು ಕಳೆದುಕೊಂಡವನು ಮಗ. ತಾಯಿತಂದೆಗಳು ಎಷ್ಟೇ ಸತ್ಪುರುಷರಾಗಿರಲಿ, ಅವರ ಸಂಕಲ್ಪವೂ ಮಗುವಿನ ಇಚ್ಛೆಯೂ ಒಂದೇ ಎಂದು ತಿಳಿಯಲಾಗದು. 1989ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಹನ್ನೆರಡನೆಯ ವಿಧಿಯು, ತನಗೆ ಸಂಬಂಧಪಟ್ಟ ವಿಷಯಗಳಲ್ಲಿ ಅಭಿಪ್ರಾಯವನ್ನು ಹೇಳುವ ಹಕ್ಕು ಮಗುವಿಗೆ ಉಂಟೆಂದು ಸಾರುತ್ತದೆ. ಬ್ರಿಟನ್ 1991ರಲ್ಲಿಯೂ ಭಾರತವು 1992ರಲ್ಲಿಯೂ ಇದಕ್ಕೆ ಬದ್ಧವಾದುವು. ಆದರೂ ಗೃಹಶಿಕ್ಷಣದ ಚರ್ಚೆಯಲ್ಲಿ, ಶಾಲೆಯನ್ನು ಬಿಡಲು ನಿನಗೆ ಇಷ್ಟವೆ ಎಂದು ಮಗುವನ್ನು ಕೇಳಬೇಕೆಂಬ ಮಾತು ಅಪರೂಪವಾಗಿ ಮಾತ್ರ ಕೇಳಿಬರುತ್ತದೆ.

ಒಳ್ಳೆಯ ತಾಯಿತಂದೆಗಳ ಕಥೆ ಹೀಗಾದರೆ ಕೆಟ್ಟವರ ಕಥೆಯನ್ನು ಹೇಳುವುದೇನು? 2008ರ ಮೇ ತಿಂಗಳಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಏಳು ವರ್ಷದ ಬಾಲಿಕೆಯೊಬ್ಬಳು ಹಸಿವಿನಿಂದ ಸತ್ತಳು. ಐದು ತಿಂಗಳ ಹಿಂದೆ ಆಕೆಯನ್ನು ಶಾಲೆಯಿಂದ ಬಿಡಿಸಲಾಗಿತ್ತು. 2011ರಲ್ಲಿ ವೇಲ್ಸಿನ ಪೆಂಬ್ರೋಕ್‌ಶೈರ್ ಪ್ರಾಂತದಲ್ಲಿ ಎಂಟು ವರ್ಷದ ಬಾಲಕನೊಬ್ಬನು ಸ್ಕರ್ವಿ ರೋಗದಿಂದ ಸತ್ತನು. ಹಣ್ಣು ತರಕಾರಿಗಳು ದೊರೆತರೆ ತಾನೇ ದೂರವಾಗುವ ಆ ರೋಗವು ಒಂದು ಮಗುವನ್ನು ಕೊಲ್ಲುವವರೆಗೆ ಬೆಳೆಯಬೇಕಾದರೆ, ವೈದ್ಯರಾಗಲಿ ಉಪಾಧ್ಯಾಯರಾಗಲಿ ಆತನನ್ನು ಎಷ್ಟು ಕಾಲ ಕಾಣದೆ ಇದ್ದಿರಬೇಕು! 2009ರಲ್ಲಿ ಗ್ರಹಾಂ ಬ್ಯಾಡ್‌ಮನ್ ಅವರು ಸರಕಾರಕ್ಕೆ ಸಲ್ಲಿಸಿದ ವರದಿಯಲ್ಲಿ ಮನೆಯಲ್ಲಿ ಕಲಿಯುವ ಮಕ್ಕಳ ಕಡ್ಡಾಯ ನೋಂದಣಿಯನ್ನು ಸೂಚಿಸಿದರು. ಮರುವರ್ಷ ಚುನಾವಣೆಯ ಗಡಿಬಿಡಿಯಲ್ಲಿ, ಆ ಸೂಚನೆಯನ್ನು ಒಳಗೊಂಡಿದ್ದ ಮಸೂದೆಯಿಂದ ಆ ಭಾಗವು ಬಿದ್ದುಹೋಯಿತು. 2022ರಲ್ಲಿ ಇನ್ನೊಂದು ಮಸೂದೆ ಬಂದು ಅದೂ ವರ್ಷಾಂತ್ಯಕ್ಕೆ ಕೈಬಿಟ್ಟುಹೋಯಿತು. ಮಕ್ಕಳ ರಕ್ಷಣೆಯ ಲೋಪಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಲಿಯು 2024ರಲ್ಲಿ, ಗೃಹಶಿಕ್ಷಣದಲ್ಲಿದ್ದು ಸತ್ತ ಅಥವಾ ತೀವ್ರವಾದ ಹಾನಿಗೊಳಗಾದ 41 ಮಕ್ಕಳ ಪ್ರಸಂಗಗಳನ್ನು ಕುರಿತು ವರದಿ ಮಾಡಿತು. ಮನೆಯಲ್ಲಿ ಕಲಿಸುವುದು ತಾನಾಗಿಯೇ ಅಪಾಯಕರವಲ್ಲವೆಂದು ಆ ಮಂಡಲಿಯೇ ಒಪ್ಪಿಕೊಂಡಿದೆ. ಅಪಾಯವಿರುವುದು, ಮೊದಲೇ ಹಿಂಸೆ ನಡೆಯುತ್ತಿರುವ ಮನೆಯಲ್ಲಿ ಮಗುವನ್ನು ಹೊರಗಿನವರ ದೃಷ್ಟಿಯಿಂದ ತಪ್ಪಿಸುವುದಕ್ಕೆ ಆ ಸ್ವಾತಂತ್ರ್ಯವು ಸಾಧನವಾದಾಗ.

ಇಲ್ಲಿ ಪ್ರತಿಪಕ್ಷದವರು ಒಂದು ಬಲವಾದ ಪ್ರಶ್ನೆಯನ್ನು ಹಾಕುತ್ತಾರೆ. ವೋಕಿಂಗಿನ ಬಾಲಿಕೆಯು ಅಜ್ಞಾತಳಾಗಿರಲಿಲ್ಲ. ಆಕೆ ಹುಟ್ಟಿದಂದಿನಿಂದ ಇಲಾಖೆಗಳಿಗೆ ಆಕೆಯ ಕುಟುಂಬವು ಗೊತ್ತಿತ್ತು. ನ್ಯಾಯಾಲಯವೇ ಆಕೆಯನ್ನು ತಂದೆಯ ವಶಕ್ಕೆ ಒಪ್ಪಿಸಿತ್ತು. ಶಾಲೆಯು ಗಾಯಗಳನ್ನು ಕಂಡು ದೂರು ಕೊಟ್ಟಿತ್ತು. ಎಲ್ಲ ಗೊತ್ತಿದ್ದೂ ಕರ್ತವ್ಯವನ್ನು ಮಾಡದವರಿಗೆ ಇನ್ನೊಂದು ನೋಂದಣಿ ಪುಸ್ತಕವನ್ನು ಕೊಟ್ಟರೆ ಏನು ಫಲ, ಸರಕಾರಿ ನೌಕರರ ಅಜಾಗರೂಕತೆಗೆ ಸಾವಿರಾರು ನಿರಪರಾಧಿ ಕುಟುಂಬಗಳು ದಂಡ ತೆರಬೇಕೆ, ಎಂಬುದು ಅವರ ಪ್ರಶ್ನೆ. ಇದನ್ನು ನಾನು ಅಲ್ಲಗಳೆಯಲಾರೆ. ಮಾರ್ಚ್ ತಿಂಗಳಲ್ಲಿ ಕಡತವನ್ನು ಮುಚ್ಚಿದವರ ಹೊಣೆಯು ಯಾವ ಹೊಸ ಶಾಸನದಿಂದಲೂ ಕಡಮೆಯಾಗುವುದಿಲ್ಲ. ಆದರೆ ಈ ಪ್ರಸಂಗವನ್ನು ಪರಿಶೀಲಿಸಿ 2025ರ ನವೆಂಬರಿನಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಸಂಗತಿಯುಂಟು: ಗೃಹಶಿಕ್ಷಣದ ವಿಷಯವಾಗಿ ಸ್ಥಳೀಯ ಸಂಸ್ಥೆಯವರು ಆ ಬಾಲಿಕೆಯ ಮನೆಗೆ ಭೇಟಿ ಕೊಡಲು ಹೋದದ್ದು ಆಕೆ ಸಾಯುವ ಹಿಂದಿನ ದಿನ, ಹೋದದ್ದು ಆ ಕುಟುಂಬವು ಬಿಟ್ಟುಹೋಗಿದ್ದ ಹಳೆಯ ವಿಳಾಸಕ್ಕೆ. ವಿಳಾಸವನ್ನು ಸರಿಯಾಗಿ ತಿಳಿಸಬೇಕೆಂಬ ಬದ್ಧತೆಯು ತಾಯಿತಂದೆಗಳಿಗೂ, ಕಾಲವಿಳಂಬವಿಲ್ಲದೆ ಮಗುವನ್ನು ನೋಡಬೇಕೆಂಬ ಬದ್ಧತೆಯು ಅಧಿಕಾರಿಗಳಿಗೂ ಇದ್ದಿದ್ದರೆ, ಆ ನಾಲ್ಕು ತಿಂಗಳಲ್ಲಿ ಒಬ್ಬರಾದರೂ ಆಕೆಯ ಮುಖವನ್ನು ಕಂಡಿರುತ್ತಿದ್ದರೆಂದು ಹೇಳುವುದು ಅತಿಶಯೋಕ್ತಿಯಾಗದು.

ಪಾಠ ಹೇಳುವ ಕಾರ್ಯದ ಜೊತೆಗೆ ಶಾಲೆಯು, ಯಾವ ಪಠ್ಯಕ್ರಮದಲ್ಲಿಯೂ ಬರೆದಿರದ ಇನ್ನೊಂದು ಕಾರ್ಯವನ್ನು ದಿನವೂ ಮಾಡುತ್ತಿರುತ್ತದೆ. ನಮ್ಮ ಹಳ್ಳಿಯ ಶಾಲೆಯ ಟೀಚರಮ್ಮನವರನ್ನು ಕೇಳಿದರೆ ತಿಳಿಯುತ್ತದೆ: ಬಿಸಿಯೂಟದ ಸಾಲಿನಲ್ಲಿ ಸೋಮವಾರದ ದಿನ ಹೆಚ್ಚು ಬಡಿಸಿಕೊಳ್ಳುವ ಮಗು ಯಾವುದು, ಸೆಕೆಗಾಲದಲ್ಲಿಯೂ ತೋಳನ್ನು ಮುಚ್ಚಿಕೊಂಡು ಬರುವ ಮಗು ಯಾವುದು, ಸಂಜೆ ಗಂಟೆ ಹೊಡೆದಮೇಲೂ ಮನೆಗೆ ಹೋಗಲು ತಡಮಾಡುವ ಮಗು ಯಾವುದು ಎಂಬುದು ಅವರಿಗೆ ಗೊತ್ತಿರುತ್ತದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ತಡೆಯುವ 2012ರ ಪೋಕ್ಸೊ ಕಾಯಿದೆಯ ಪ್ರಕಾರ, ಅಂಥ ಅಪರಾಧವು ತಿಳಿದುಬಂದರೆ ವರದಿ ಮಾಡುವುದು ಪ್ರತಿಯೊಬ್ಬರ ಕರ್ತವ್ಯ. ಮಕ್ಕಳ ಸಹಾಯವಾಣಿ 1098ರ ಸಂಖ್ಯೆಯು ಶಾಲೆಯ ಗೋಡೆಯ ಮೇಲೆ ಬರೆದಿರುತ್ತದೆ. ಶಾಲೆಯೊಳಗೂ ಅನ್ಯಾಯ ನಡೆಯುವುದುಂಟು, ಉಪಾಧ್ಯಾಯರೇ ಹಿಂಸಕರಾಗುವುದೂ ಉಂಟು, ಅದನ್ನು ಮರೆಯತಕ್ಕದ್ದಲ್ಲ. ಆದರೆ ಶಾಲೆಯಲ್ಲಿ ನೊಂದ ಮಗುವಿಗೆ ಮನೆಯುಂಟು, ಮನೆಯಲ್ಲಿ ನೊಂದ ಮಗುವಿಗೆ ಶಾಲೆಯುಂಟು. ಎರಡು ಬಾಗಿಲುಗಳಲ್ಲಿ ಒಂದನ್ನು ಮುಚ್ಚುವವರು ಅದರ ಬದಲಿಗೆ ಒಂದು ಕಿಟಕಿಯನ್ನಾದರೂ ತೆರೆದಿಡಬೇಕೆಂದು ಸಮಾಜವು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಜರ್ಮನಿಯವರು ಹಿಡಿದ ಮಾರ್ಗವು ನನಗೆ ಒಪ್ಪಿಗೆಯಲ್ಲ. ಅಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ. ಮನೆಯಲ್ಲಿ ಕಲಿಸುವುದಕ್ಕೆ ಸಾಮಾನ್ಯವಾಗಿ ಅವಕಾಶವೇ ಇಲ್ಲ. ಹೆಸ್ಸೆ ಪ್ರಾಂತದ ಒಂದು ಕುಟುಂಬದ ಮಕ್ಕಳನ್ನು 2013ರಲ್ಲಿ ಈ ಕಾರಣಕ್ಕಾಗಿ ಮೂರು ವಾರಗಳ ಕಾಲ ತಾಯಿತಂದೆಗಳಿಂದ ಬೇರ್ಪಡಿಸಿದರು. ಯೂರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2019ರಲ್ಲಿ ಆ ಕ್ರಮವನ್ನು ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಿಂದ ಅದು ಸರಿಯಿರಬಹುದು. ಪ್ರೀತಿಯಿಂದ ಸಾಕುತ್ತಿರುವ ಮನೆಯಿಂದ ಮಗುವನ್ನು ಎಳೆದೊಯ್ಯುವುದೂ ಮಗುವಿಗೆ ಮಾಡುವ ಹಿಂಸೆಯೇ ಎಂಬುದು ನನ್ನ ಭಾವನೆ.

2024ರಲ್ಲಿ ಇಂಗ್ಲೆಂಡಿನಲ್ಲಿ ಮಂಡಿತವಾದ ಮಸೂದೆಯು ಮಧ್ಯಮಾರ್ಗವನ್ನು ಹಿಡಿದಿತ್ತು. ಶಾಲೆಯಲ್ಲಿಲ್ಲದ ಮಕ್ಕಳ ಹೆಸರುಗಳನ್ನು ಸ್ಥಳೀಯ ಸಂಸ್ಥೆಯು ನೋಂದಾಯಿಸಿಕೊಳ್ಳಬೇಕು. ಹಾನಿಯ ಶಂಕೆಯಿಂದ ವಿಚಾರಣೆ ನಡೆಯುತ್ತಿರುವ ಮಗುವನ್ನು ಅನುಮತಿಯಿಲ್ಲದೆ ಶಾಲೆಯಿಂದ ಬಿಡಿಸಲಾಗದು. ತಾಯಿತಂದೆಗಳು ಕೇಳಿದರೆ ಸಂಸ್ಥೆಯು ಸಲಹೆ ಸಹಾಯಗಳನ್ನು ಕೊಡಬೇಕು. ಈ ಮೂರನ್ನೂ ನಾನು ಹೃತ್ಪೂರ್ವಕವಾಗಿ ಸಮರ್ಥಿಸುತ್ತೇನೆ. ಮಗುವಿಗೆ ಯಾರು ಯಾರು ಎಷ್ಟೆಷ್ಟು ಹೊತ್ತು ಕಲಿಸುತ್ತಾರೆಂಬ ವಿವರಗಳನ್ನೆಲ್ಲ ಕೇಳುವುದು ಮಾತ್ರ ಅನಾವಶ್ಯಕವಾದ ಹೊರೆ. ತಾಯಿತಂದೆಗಳು ಗಣಿತವನ್ನು ಮೊದಲು ಕಲಿಸುತ್ತಾರೋ ತೋಟಗಾರಿಕೆಯನ್ನು ಮೊದಲು ಕಲಿಸುತ್ತಾರೋ ಅದು ಅವರಿಗೇ ಬಿಟ್ಟ ವಿಷಯ. ಅಧಿಕಾರಿಯು ಪಠ್ಯಪುಸ್ತಕವನ್ನು ನೋಡುವುದಕ್ಕಿಂತ ಮಗುವನ್ನು ನೋಡುವುದು ಮುಖ್ಯ. ಸರಕಾರವು ನೋಂದಣಿಯನ್ನು ಕೇಳುವುದಾದರೆ ಅದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡುವುದು ನ್ಯಾಯ: ಮನೆಯಲ್ಲಿ ಕಲಿತ ಮಕ್ಕಳು ಅಲ್ಲಿ ಸಾರ್ವಜನಿಕ ಪರೀಕ್ಷೆಗೆ ಖಾಸಗಿಯಾಗಿ ಕೂರಬೇಕಾದರೆ ಶುಲ್ಕವನ್ನು ಕುಟುಂಬವೇ ತೆರಬೇಕು, ಆ ಭಾರವನ್ನು ಸರಕಾರವು ಹೊತ್ತರೆ ನೋಂದಣಿಯನ್ನು ಶತ್ರುವಿನ ಆಜ್ಞೆಯೆಂದು ಭಾವಿಸುವವರ ಸಂಖ್ಯೆಯು ಕಡಮೆಯಾಗುವುದು.

ನಮ್ಮ ದೇಶದಲ್ಲಿ ಈ ವಿಷಯವು ಇನ್ನೂ ಅಸ್ಪಷ್ಟವಾಗಿಯೇ ಉಳಿದಿದೆ. ಸಂವಿಧಾನದ 21ಎ ವಿಧಿಯೂ ಅದಕ್ಕೆ ಅನುಗುಣವಾದ 2009ರ ಶಿಕ್ಷಣ ಹಕ್ಕು ಕಾಯಿದೆಯೂ 2010ರ ಏಪ್ರಿಲ್ 1ರಂದು ಜಾರಿಗೆ ಬಂದುವು. ಆರರಿಂದ ಹದಿನಾಲ್ಕು ವರ್ಷದ ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಾಯಿತಂದೆಗಳ ಕರ್ತವ್ಯವೆಂದು ಆ ಕಾಯಿದೆಯ ಹತ್ತನೆಯ ಪ್ರಕರಣವು ಹೇಳುತ್ತದೆ. ಸೇರಿಸದವರಿಗೆ ದಂಡನೆಯನ್ನು ಅದು ವಿಧಿಸುವುದಿಲ್ಲ. ಗೃಹಶಿಕ್ಷಣವನ್ನು ಹೆಸರಿಸಿ ಅನುಮತಿಸುವುದೂ ಇಲ್ಲ, ನಿಷೇಧಿಸುವುದೂ ಇಲ್ಲ. ಬೆಂಗಳೂರಿನಲ್ಲಿಯೂ ಇತರ ನಗರಗಳಲ್ಲಿಯೂ ಮಕ್ಕಳನ್ನು ಮನೆಯಲ್ಲಿಯೇ ಓದಿಸಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಿಸುವ ವಿದ್ಯಾವಂತ ಕುಟುಂಬಗಳಿವೆ. ಆದರೆ ಇಂಗ್ಲೆಂಡಿಗಿಲ್ಲದ ಒಂದು ಭಯವು ನಮಗುಂಟು. ತಮ್ಮನನ್ನು ಆಡಿಸುವುದಕ್ಕೋ, ಎಸ್ಟೇಟಿನಲ್ಲಿ ಕೂಲಿಗೆ ಹೋಗುವುದಕ್ಕೋ ಶಾಲೆ ಬಿಡಿಸಿದ ಹುಡುಗಿಯನ್ನೂ, ವಯಸ್ಸಿಗೆ ಮೊದಲೇ ಮದುವೆ ಗೊತ್ತಾದ ಹುಡುಗಿಯನ್ನೂ ಮನೆಯಲ್ಲಿ ಓದುತ್ತಿದ್ದಾಳೆಂದು ಹೇಳಿ ಲೆಕ್ಕದಿಂದ ತಪ್ಪಿಸುವುದು ಇಲ್ಲಿ ಬಹು ಸುಲಭ. ಶಾಸನವು ಮೌನವಾಗಿರುವಷ್ಟು ಕಾಲ ನಿಜವಾಗಿ ಕಲಿಸುವವರಿಗೆ ರಕ್ಷಣೆಯಿಲ್ಲ, ಕಲಿಸದವರಿಗೆ ತಡೆಯಿಲ್ಲ.

ಆದಕಾರಣ ನಮ್ಮ ರಾಜ್ಯ ಸರಕಾರವು ಗೃಹಶಿಕ್ಷಣವನ್ನು ಒಪ್ಪಿಕೊಂಡು, ಅದಕ್ಕೊಂದು ಸರಳವಾದ ನಿಯಮವನ್ನು ಮಾಡತಕ್ಕದ್ದು. ಕುಟುಂಬವು ಸಮೀಪದ ಶಾಲೆಯಲ್ಲಿ ಮಗುವಿನ ಹೆಸರನ್ನೂ ವಿಳಾಸವನ್ನೂ ಬರೆಸಲಿ. ಮಗುವು ಬಯಸಿದರೆ ಆ ಶಾಲೆಯ ಆಟದ ಬಯಲಿಗೂ ಪುಸ್ತಕಭಂಡಾರಕ್ಕೂ ಹೋಗಿಬರುವ ಹಕ್ಕು ಅದಕ್ಕಿರಲಿ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಗೆ ಅದನ್ನೂ ಕರೆಯಲಿ. ವರ್ಷದಲ್ಲಿ ಒಂದೆರಡು ಸಲ ಆ ಶಾಲೆಯ ಉಪಾಧ್ಯಾಯರೊಬ್ಬರು ಮನೆಗೆ ಹೋಗಿ ಮಗುವಿನೊಡನೆ, ಅದು ಮನೆಯಲ್ಲಿ ಆಡುವ ಭಾಷೆಯಲ್ಲಿಯೇ, ತಾಯಿತಂದೆಗಳು ಪಕ್ಕದಲ್ಲಿರದಂತೆ ಸ್ವಲ್ಪ ಹೊತ್ತು ಮಾತನಾಡಬೇಕು. ಓದು ಹೇಗೆ ಸಾಗಿದೆಯೆಂಬುದನ್ನು ಮಾತ್ರವಲ್ಲದೆ, ಶಾಲೆಗೆ ಬರಲು ಆಸೆಯಿದೆಯೆ ಎಂಬುದನ್ನೂ ಕೇಳಬೇಕು. ಬರುತ್ತೇನೆಂದು ಮಗು ಹೇಳಿದರೆ ಆ ಉತ್ತರವನ್ನು ಬರೆದುಕೊಂಡು, ತಾಯಿತಂದೆಗಳು ಅದಕ್ಕೆ ಸಮಾಧಾನ ಹೇಳಲೇಬೇಕೆಂಬ ನಿಯಮವಿರಬೇಕು. ಪ್ರತಿವರ್ಷವೂ ಸಾಧ್ಯವಾದಮಟ್ಟಿಗೆ ಅದೇ ಉಪಾಧ್ಯಾಯರೇ ಹೋಗುವುದು ಒಳ್ಳೆಯದು, ಏಕೆಂದರೆ ಹೊರಗಿನವರ ಮುಂದೆ ಮಗುವು ಮೊದಲನೆಯ ಭೇಟಿಯಲ್ಲಿಯೇ ಮನಸ್ಸನ್ನು ಬಿಚ್ಚುವುದು ಅಪೂರ್ವ. ಎರಡನೆಯ ಸಲವೋ ಮೂರನೆಯ ಸಲವೋ, ಇವರು ಮತ್ತೆ ಬರುತ್ತಾರೆಂಬ ನಂಬಿಕೆ ಹುಟ್ಟಿದಮೇಲೆ, ಅದು ಬಾಯಿಬಿಟ್ಟು ಹೇಳುತ್ತದೆ.